ಸವೆತ ಓದುವ ಕಣ್ಣು

ಬಾಡಗಂಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೊರಟ ಟ್ರ್ಯಾಕ್ಟರ್ ಚಾಲೂ ಆಗದಿದ್ದರೆ ಮೊದಲು ಬೈಸಿಕೊಳ್ಳುವುದು ಬ್ಯಾಟರಿ. ‘ಅಣ್ಣಾರ, ಸೆಲ್ಫ್ ತಿರುಗವಲ್ದ್ರಿ’ ಎಂದು ಬಂದವನ ಮೋಟಾರು ಬಿಚ್ಚಿದರೆ ಎಷ್ಟೋ ಸಲ ಸಿಗುವುದು ಸವೆದು ಮೋಟಾದ ಇಂಗಾಲದ ಬ್ರಷ್. ಬಿಚ್ಚಿ ನೋಡುವ ಮುಂಚೆ ಯಾರ ಮೇಲೂ ತಪ್ಪು ಹೊರಿಸಬೇಡಿ.

*

ಬೆಂಗಳೂರಿನ ರೇವಾ ವಿದ್ಯುತ್ ಕಾರು 2001ರಲ್ಲಿ ರಸ್ತೆಗಿಳಿದಾಗ ಅದನ್ನು ಓಡಿಸಿದ್ದೂ ಬ್ರಷ್ ಇರುವ ಡಿ.ಸಿ. ಮೋಟಾರೇ, 48 ವೋಲ್ಟಿನದು. ಟ್ರ್ಯಾಕ್ಟರಿನ ಸೆಲ್ಫ್ ರಿಪೇರಿ ಬಲ್ಲ ಕೈಗೆ ವಿದ್ಯುತ್ ಕಾರಿನ ಹೊಟ್ಟೆಯೂ ಪೂರ್ತಿ ಪರದೇಶವಲ್ಲ.

*

ಸವೆಯಲೆಂದೇ ಮಾಡಿದ ಭಾಗ ಸವೆದರೆ ಅದು ತನ್ನ ಕೆಲಸ ಮಾಡಿದೆ ಎಂದರ್ಥ. ಅದು ಪೂರಾ ತೀರುವವರೆಗೆ ನೋಡದೆ ಬಿಟ್ಟರೆ ನಾವು ನಮ್ಮ ಕೆಲಸ ಮಾಡಿಲ್ಲ ಎಂದರ್ಥ.

*

ಮೊದಲ ಕಾಲದ ಮೋಟಾರುಗಳಲ್ಲಿ ತಾಮ್ರದ ತಂತಿಯ ಬ್ರಷ್ಷೇ ತಿರುಗುವ ಸುರುಳಿಗೆ ಕರೆಂಟ್ ದಾಟಿಸುವ ತಾಮ್ರದ ಪಟ್ಟಿಗಳ ಉರುಳೆಯನ್ನು, ಅಂದರೆ ಕಮ್ಯುಟೇಟರನ್ನು, ಉಜ್ಜುತ್ತಿತ್ತು. ಎರಡೂ ಒಂದನ್ನೊಂದು ತಿಂದವು. 1885ರಲ್ಲಿ ಎಂಜಿನಿಯರ್ ಜಾರ್ಜ್ ಫೋರ್ಬ್ಸ್ ಇಂಗಾಲವನ್ನು ತಂದಮೇಲೆ ಜಗಳ ನಿಂತಿತು. ಇಬ್ಬರೂ ಗಟ್ಟಿಯಾಗಿದ್ದರೆ ಇಬ್ಬರೂ ಹಾಳು. ಒಬ್ಬರು ಮೆತ್ತಗಾದರೆ ಸಂಬಂಧ ಉಳಿಯುತ್ತದೆ.

*

ಚೆನ್ನಾಗಿ ಓಡಿದ ಕಮ್ಯುಟೇಟರ್ ಕಂದುಬಣ್ಣಕ್ಕೆ ತಿರುಗಿರುತ್ತದೆ. ಅದು ಕೊಳೆಯಲ್ಲ, ತಾಮ್ರದ ಆಕ್ಸೈಡ್, ಗ್ರಾಫೈಟ್, ಗಾಳಿಯ ತೇವ ಸೇರಿ ಕಟ್ಟಿದ ತೆಳುಪದರ. ಹೊಸದರಂತೆ ಹೊಳೆಯಲಿ ಎಂದು ಅದನ್ನು ಉಜ್ಜಿ ತೆಗೆಯುವವನು ತಿಂಗಳುಗಟ್ಟಲೆಯ ಗಳಿಕೆಯನ್ನು ಒಂದು ಗಳಿಗೆಯಲ್ಲಿ ಕಳೆಯುತ್ತಾನೆ.

*

ಕಮ್ಯುಟೇಟರಿನ ಎಲ್ಲ ಪಟ್ಟಿಗಳೂ ಒಂದೇ ಬಣ್ಣವಾಗಿದ್ದರೆ ಅದು ವಯಸ್ಸು. ಒಂದೋ ಎರಡೋ ಪಟ್ಟಿಯ ಅಂಚು ಮಾತ್ರ ಸುಟ್ಟು ಕಪ್ಪಾಗಿದ್ದರೆ ಅದು ಗಾಯ. ಅಲ್ಲಿಗೆ ಬಂದು ಸೇರುವ ಸುರುಳಿ ಕಡಿದಿರಬಹುದು. ವಯಸ್ಸಿಗೆ ಆರೈಕೆ ಸಾಕು, ಗಾಯಕ್ಕೆ ಕಾರಣ ಹುಡುಕಬೇಕು.

*

ಪಟ್ಟಿಗಳ ನಡುವಿನ ಮೈಕಾ ತಾಮ್ರಕ್ಕಿಂತ ನಿಧಾನ ಸವೆಯುತ್ತದೆ. ತಾಮ್ರ ತಗ್ಗಿ ಮೈಕಾ ತಲೆ ಎತ್ತಿದರೆ ಬ್ರಷ್ ಕುಣಿಯುತ್ತದೆ, ಕಿಡಿ ಹಾರುತ್ತದೆ. ನಡುವೆ ನಿಂತು ಇಬ್ಬರನ್ನು ಬೇರೆ ಇಡುವವನು ಅವರಿಗಿಂತ ಒಂದು ಕೂದಲೆಳೆ ಕೆಳಗೇ ಇರಬೇಕು.

*

ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್ ಮೇಲೆಯೇ ವಿದ್ಯುತ್ ಗಾಡಿ ನಿಲ್ಲಿಸುವ ಅಭ್ಯಾಸ ಮೋಟಾರಿಗೆ ಶತ್ರು. ತಿರುಗದೆ ನಿಂತ ಮೋಟಾರಿನಲ್ಲಿ ಕರೆಂಟೆಲ್ಲ ಬ್ರಷ್ಷಿನಡಿಯ ಅವೇ ಪಟ್ಟಿಗಳ ಮೇಲೆ ಬಿದ್ದು ಸುಡುತ್ತದೆ. ಓಡುವಾಗ ಎಲ್ಲರೂ ಹಂಚಿಕೊಳ್ಳುವ ಭಾರ, ನಿಂತಾಗ ಒಬ್ಬಿಬ್ಬರ ತಲೆಯ ಮೇಲೆ.

*

ಕವಚದ ಒಳಮೈಗೆ ಬೆಸುಗೆಯ ಹನಿಗಳು ಸಿಡಿದು ಅಂಟಿದ್ದರೆ ಮೋಟಾರು ಮಿತಿ ಮೀರಿ ಕಾದಿದೆ ಎಂದು ತಿಳಿಯಿರಿ. ‘ಜಾಸ್ತಿ ಭಾರ ಹೇರಿಲ್ಲ’ ಎಂದು ಮಾಲೀಕ ಹೇಳಬಹುದು. ಕವಚ ಸುಳ್ಳು ಹೇಳುವುದಿಲ್ಲ.

*

ಸ್ಪ್ರಿಂಗ್ ಸಡಿಲಾದರೆ ಬ್ರಷ್ ಕಿಡಿ ಕಾರುತ್ತದೆ, ಬಿಗಿಯಾದರೆ ಬೇಗ ತೇಯುತ್ತದೆ. ಒತ್ತಡ ಬೇಕು, ಅಳತೆಯಲ್ಲಿ ಬೇಕು.

*

ಹೆಚ್ಚು ದುಡಿದ ಮೋಟಾರಷ್ಟೇ ಸವೆಯುತ್ತದೆ ಎಂಬುದು ಅರ್ಧ ಸತ್ಯ. ಸದಾ ಹಗುರ ಹೊರೆಯಲ್ಲಿ ಓಡುವ ಮೋಟಾರಿನಲ್ಲಿ ಆ ಕಂದುಪದರ ಸರಿಯಾಗಿ ಕಟ್ಟುವುದೇ ಇಲ್ಲ. ತಾಮ್ರದ ಮೇಲೆ ಗೆರೆಗಳು ಬೀಳುತ್ತವೆ. ಯೋಗ್ಯತೆಗೆ ತಕ್ಕ ದುಡಿಮೆಯೂ ಒಂದು ಆರೈಕೆ.

*

ಎರಡನೆಯ ಮಹಾಯುದ್ಧದ ಕಾಲದಲ್ಲಿ ತೀರ ಎತ್ತರ ಹಾರಿದ ವಿಮಾನಗಳಲ್ಲಿ ಬ್ರಷ್‌ಗಳು ಬಹುಬೇಗ ಪುಡಿಯಾದವು. ಅಲ್ಲಿಯ ಗಾಳಿಯಲ್ಲಿ ತೇವವಿರಲಿಲ್ಲ. ಗ್ರಾಫೈಟ್ ಜಾರುವುದಕ್ಕೂ ಒಂದಿಷ್ಟು ನೀರಿನ ಪಸೆ ಬೇಕು.

*

ಕರಿ ಎರೆಯ ಧೂಳಿಗಿಂತ ಮೋಟಾರಿಗೆ ಅಪಾಯಕಾರಿ ಅದರದೇ ಬ್ರಷ್ಷಿನ ಪುಡಿ. ಅದರೊಳಗೆ ಕರೆಂಟ್ ಹರಿಯುತ್ತದೆ. ಸಂದಿಯಲ್ಲಿ ಕೂತು ಸುರುಳಿಯಿಂದ ಕವಚಕ್ಕೆ ಕಳ್ಳದಾರಿ ಮಾಡುತ್ತದೆ. ಗಾಳಿ ಹೊಡೆದು ಅದನ್ನು ಇನ್ನಷ್ಟು ಒಳಗೆ ತಳ್ಳಬೇಡಿ, ಹೀರಿ ತೆಗೆಯಿರಿ. ಆಮೇಲೆ ಕರೆಂಟ್ ಸೋರುತ್ತಿದೆಯೇ ಎಂದು ಅಳೆಯುವ ಮೆಗ್ಗರ್ ಹಚ್ಚಿ ನೋಡಿ.

*

ಎಮರಿ ಕಾಗದ ಕಬ್ಬಿಣಕ್ಕೆ ಒಳ್ಳೆಯದು, ಕಮ್ಯುಟೇಟರಿಗೆ ಕೆಟ್ಟದು. ಅದರ ಗಟ್ಟಿ ಕಣಗಳು ಸಂದಿಯಲ್ಲೇ ಉಳಿದು ಹಾನಿ ಮಾಡುತ್ತವೆ. ಒಳ್ಳೆಯ ಉದ್ದೇಶಕ್ಕೆ ಸರಿಯಾದ ಕಾಗದವೂ ಬೇಕು.

*

ಒಂದೇ ಬ್ರಷ್ ಬದಲಿಸಿ ಉಳಿದವನ್ನು ಹಳೆಯವಾಗಿಯೇ ಬಿಡುವುದು ಉಳಿತಾಯವಲ್ಲ. ಅಸಮ ಜೋಡಿಯಲ್ಲಿ ಕರೆಂಟ್ ಸರಿಸಮ ಹಂಚಿಕೆಯಾಗುವುದಿಲ್ಲ.

*

ಸುರುಳಿಗಳೆಲ್ಲ ಒಂದೇ ಸರಣಿಯಲ್ಲಿರುವ ಸೀರೀಸ್ ಮೋಟಾರನ್ನು ಹೊರೆಯಿಲ್ಲದೆ ಪೂರ್ತಿ ವೋಲ್ಟೇಜಿನಲ್ಲಿ ಓಡಿಸಿ ಪರೀಕ್ಷಿಸಬೇಡಿ. ತಡೆಯುವವರಿಲ್ಲದೆ ವೇಗ ಏರುತ್ತಲೇ ಹೋಗಿ ತನ್ನ ಪಟ್ಟಿಗಳನ್ನು ತಾನೇ ಕಿತ್ತೆಸೆಯಬಲ್ಲದು. ಹೊರೆ ಅದರ ಲಗಾಮು.

*

ಮೋಟಾರು ಮುಟ್ಟುವ ಮುಂಚೆ ಬ್ಯಾಟರಿ ಬಿಡಿಸಿ. ವಿದ್ಯುತ್ ಗಾಡಿಯಾದರೆ ಕಂಟ್ರೋಲರಿನ ಕೆಪಾಸಿಟರ್ ಖಾಲಿಯಾಗಿದೆಯೇ ಎಂದು ಮೀಟರಿನಲ್ಲಿ ನೋಡಿ. ಅವಸರ ಮಾಡಿ ಉಳಿಸಿದ ಹೊತ್ತು ಸುಟ್ಟ ಕೈಗೆ ಸಮವಲ್ಲ.

*

ಹಂಗಾಮು ಶುರುವಾಗುವ ಮುಂಚೆ ಬಿಚ್ಚಿ ನೋಡುವುದು ಖರ್ಚು ಎನಿಸುತ್ತದೆ. ಹೇರಿದ ಕಬ್ಬು ದಾರಿಯಲ್ಲೇ ಒಣಗಿ ತೂಕ ಕಳೆದುಕೊಂಡಾಗ ಆ ಖರ್ಚಿನ ಬೆಲೆ ತಿಳಿಯುತ್ತದೆ.

*

ರೇವಾ ಕಾರೂ ಮುಂದೆ ಬ್ರಷ್ ಬಿಟ್ಟು ಎ.ಸಿ. ಮೋಟಾರಿಗೆ ಹೋಯಿತು. ಈಗಿನ ಬಹುತೇಕ ವಿದ್ಯುತ್ ಸ್ಕೂಟರುಗಳಲ್ಲೂ ಬ್ರಷ್ ಇಲ್ಲ. ಆದರೆ ಬೇರಿಂಗ್ ಇದೆ, ಸುರುಳಿಯ ವಾರ್ನಿಶ್ ಇದೆ, ತಂತಿಯ ಜೋಡಣೆ ಇದೆ. ಬ್ರಷ್ ಇಲ್ಲದ ಮೋಟಾರು ಬಂದಿದೆ. ಸವೆಯದ ಮೋಟಾರು ಬಂದಿಲ್ಲ. ನೋಡುವ ಕಣ್ಣಿಗೆ ಕೆಲಸ ತಪ್ಪುವುದಿಲ್ಲ.