ಮುಂದಿನ ಸ್ವರ ಯಾರದು?

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನೂ ಜಾಝನ್ನೂ ಕ್ಲಾರಿನೆಟ್ಟಿನಲ್ಲಿ ಬೆರೆಸಿದವರು ಯಾರೆಂದು ಕೇಳಿದರೆ ಹಲವರು ಸಂಯೋಜಕ ಏರನ್ ಕೋಪ್‌ಲಂಡ್ ಅವರನ್ನೂ ಅವರ ಕ್ಲಾರಿನೆಟ್ ಕನ್ಚರ್ಟೊವನ್ನೂ ಹೆಸರಿಸುತ್ತಾರೆ. ಜಾಝ್ ವಾದಕ ಬೆನ್ನಿ ಗುಡ್‌ಮನ್ ಕೇಳಿ ಬರೆಸಿಕೊಂಡ, 1950ರಲ್ಲಿ ತಾವೇ ಮೊದಲು ನುಡಿಸಿದ ಕೃತಿ ಅದು. ಅದರ ಎರಡು ಭಾಗಗಳ ನಡುವೆ ಕ್ಲಾರಿನೆಟ್ ಒಂಟಿಯಾಗಿ ನುಡಿಯುವ ಜಾಗವಿದೆ. ಮನೋಧರ್ಮಕ್ಕೆ ಹೇಳಿ ಮಾಡಿಸಿದ ಜಾಗ. ಅಲ್ಲೂ ಪ್ರತಿ ಸ್ವರವನ್ನು ಕೋಪ್‌ಲಂಡ್ ಬರೆದೇ ಇಟ್ಟಿದ್ದಾರೆ. ಕೃತಿ ಬಲು ಸೊಗಸು, ನನಗೆ ಪ್ರಿಯ. ಆದರೂ ಅದು ಜಾಝ್‌ನ ಲಯವನ್ನು ಬರಮಾಡಿಕೊಂಡು ಜಾಝ್ ವಾದಕನ ಹಕ್ಕನ್ನು ಬಾಗಿಲಾಚೆಯೇ ನಿಲ್ಲಿಸಿದೆ.

ಬೆರಕೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ: ಮುಂದಿನ ಸ್ವರವನ್ನು ಯಾರು, ಯಾವಾಗ ತೀರ್ಮಾನಿಸುತ್ತಾರೆ?

ಜಾಝ್ ಕ್ಲಾರಿನೆಟ್ ವಾದಕ ಜಿಮ್ಮಿ ಜ್ಯೂಫ್ರಿ 1961ರಲ್ಲಿ ಕಟ್ಟಿದ ತಂಡದಲ್ಲಿ ಈ ಪ್ರಶ್ನೆಗೆ ಬೇರೆಯೇ ಉತ್ತರ ಸಿಗುತ್ತದೆ. ಪಿಯಾನೊಗೆ ಪಾಲ್ ಬ್ಲೇ, ಬಾಸ್‌ಗೆ ಸ್ಟೀವ್ ಸ್ವಾಲೋ. ಡ್ರಮ್ ಇಲ್ಲ. ತಾಳ ಹಿಡಿಯುವವರಿಲ್ಲದಾಗ ಮೂವರೂ ಒಬ್ಬರನ್ನೊಬ್ಬರು ಕಿವಿಗೊಟ್ಟು ಕೇಳಲೇಬೇಕು. ಜ್ಯೂಫ್ರಿಯ ಮಂದ್ರಸ್ಥಾಯಿಯಲ್ಲಿ ಸ್ವರಕ್ಕಿಂತ ಮೊದಲು ಉಸಿರೇ ಕೇಳಿಸುತ್ತದೆ. ಮೌನದ ಅಂಚಿನಲ್ಲಿ ನುಡಿಸುವ ಆ ಸೂಕ್ಷ್ಮ, ಸಾಲಿಗೆ ಸಾಲು ಎದುರಾಗಿ ಹೆಣೆಯುವ ಕ್ರಮ ಶಾಸ್ತ್ರೀಯ ಚೇಂಬರ್ ಸಂಗೀತದವು. ಆ ಗಳಿಗೆಯಲ್ಲೇ ತೀರ್ಮಾನಿಸುವ ಧೈರ್ಯ ಜಾಝ್‌ನದು. 1962ರ ‘ಫ್ರೀ ಫಾಲ್’ ಧ್ವನಿಮುದ್ರಣದ ಕೆಲವು ತುಣುಕುಗಳಲ್ಲಿ ಪಿಯಾನೊ, ಬಾಸ್ ಕೂಡ ಹಿಂದೆ ಸರಿದು ಕ್ಲಾರಿನೆಟ್ ಒಂದೇ ಉಳಿಯುತ್ತದೆ. ಅಂದಿನ ಶ್ರೋತೃಗಳು ಒಪ್ಪಲಿಲ್ಲ. ತಂಡ ಬೇಗ ಚದುರಿತು.

ಜಾಝ್‌ನ ತೂಗಾಡುವ ಲಯವಾದ ಸ್ವಿಂಗ್ ಇಲ್ಲದ ಇಂಥ ಸಂಗೀತ ಜಾಝ್ ಹೇಗಾದೀತು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಸ್ವಿಂಗ್ ಬರಿಯ ಅಲಂಕಾರವಲ್ಲ. ಒಂದು ಸಮುದಾಯದ ಮೈಯಲ್ಲಿ ಬೆಳೆದ ಲಯ. ಅದನ್ನು ಬಿಟ್ಟಾಗ ನಷ್ಟ ಖಂಡಿತ ಇದೆ. ಆದರೆ ಎರಡು ಪರಂಪರೆಗಳು ತಮ್ಮ ತಮ್ಮ ಆಸ್ತಿಯನ್ನು ಒಂದಿಷ್ಟೂ ಬಿಟ್ಟುಕೊಡದೆ ಅಕ್ಕಪಕ್ಕ ಕೂತರೆ ಅಲ್ಲಿ ಹೊಸದು ಹುಟ್ಟುವುದಿಲ್ಲ.

ಶಾಸ್ತ್ರೀಯದ ಕಡೆಯಿಂದಲೂ ಒಬ್ಬರು ಹೀಗೆ ಬಿಟ್ಟುಕೊಟ್ಟರು. ಜಾಝ್ ಪಿಯಾನೊ ವಾದಕ ಡೇವ್ ಬ್ರೂಬೆಕ್ ಜೊತೆ ಕ್ಲಾರಿನೆಟ್ ನುಡಿಸುವಾಗ ಬಿಲ್ ಸ್ಮಿತ್, ಸಂಯೋಜಕರಾಗಿ ಬರೆಯುವಾಗ ವಿಲಿಯಂ ಓ. ಸ್ಮಿತ್: ಒಬ್ಬರೇ ವ್ಯಕ್ತಿ, ಹೆಸರು ಎರಡು. ಒಮ್ಮೆಗೆ ಒಂದೇ ಸ್ವರಕ್ಕೆಂದು ಮಾಡಿದ ಕ್ಲಾರಿನೆಟ್ಟಿನಿಂದ ಹಲವು ಸ್ವರ ಹೊರಡಿಸುವ ದಾರಿಗಳನ್ನು ಅವರು 1960ರ ಆಸುಪಾಸಿನಲ್ಲಿ ಶೋಧಿಸಿದರು. ರೂಢಿಯಲ್ಲದ ಕಡೆ ಬೆರಳಿಟ್ಟು, ತುಟಿಯ ಬಿಗಿಯನ್ನೂ ಉಸಿರಿನ ಒತ್ತಡವನ್ನೂ ಬದಲಿಸಿದರೆ ನಳಿಗೆಯಲ್ಲಿ ಒಂದಕ್ಕಿಂತ ಹೆಚ್ಚು ಕಂಪನಗಳು ಒಟ್ಟಿಗೆ ಏಳುತ್ತವೆ. ಹಾಳೆಯಲ್ಲಿ ಸ್ವರದ ಜೊತೆ ಬೆರಳಿನ ಗುರುತನ್ನೂ ಬರೆಯಬಹುದು. ಆದರೂ ಅದೇ ಗುರುತು ಬೇರೆ ರೀಡಿನಲ್ಲಿ, ಬೇರೆ ಬಾಯಲ್ಲಿ ಬೇರೆಯಾಗಿ ನುಡಿಯುತ್ತದೆ. ತಾನು ಬರೆದದ್ದು ಕೊನೆಗೆ ಹೇಗೆ ಕೇಳಿಸೀತೆಂಬುದನ್ನು ಸಂಯೋಜಕ ನುಡಿಸುವವನ ತುಟಿಗೇ ಬಿಡಬೇಕಾಗುತ್ತದೆ.