ಎದುರು ಪಕ್ಷದ ಮಾತು

ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳಲ್ಲಿ ನ್ಯಾಯಾಲಯದ ದೃಶ್ಯ ಬಂತೆಂದರೆ ಮನೆಯ ಗದ್ದಲ ತಾನಾಗಿ ಅಡಗುತ್ತಿತ್ತು. ಕಪ್ಪು ಕೋಟಿನ ವಕೀಲ ಸಿ.ಎಸ್.ಪಿ. ಎದ್ದು ನಿಲ್ಲುತ್ತಿದ್ದರು. ಒಂದು ಪ್ರಶ್ನೆ, ಒಂದಿಷ್ಟು ಮೌನ, ಮತ್ತೊಂದು ಪ್ರಶ್ನೆ. ಆ ಪಾತ್ರವನ್ನು ನಿರ್ವಹಿಸಿದವರು ಸೀತಾರಾಂ. ಆ ನ್ಯಾಯಾಲಯವನ್ನು ಲೇಖನಿಯಲ್ಲಿ ಕಟ್ಟಿದವರೂ ಅವರೇ.

ಕಾನೂನು ಓದಿದ ಅವರು ರಂಗಭೂಮಿಗೆ ‘ಆಸ್ಫೋಟ’ದಂಥ ನಾಟಕ ಕೊಟ್ಟರು. 1976ರಲ್ಲಿ ಲಂಕೇಶರ ‘ಪಲ್ಲವಿ’ ಚಿತ್ರದಲ್ಲಿ ಅಭಿನಯಿಸಿದರು. 1998ರಲ್ಲಿ ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಅವರೊಡಗೂಡಿ ‘ಮಾಯಾಮೃಗ’ವನ್ನು ಕಿರುತೆರೆಗೆ ತಂದರು. ‘ಮನ್ವಂತರ’, ‘ಮುಕ್ತ’, ‘ಮಗಳು ಜಾನಕಿ’ ಅನಂತರ ಬಂದವು. ಇದನ್ನು ನಾವು ಬಹುಮುಖ ಪ್ರತಿಭೆ ಎಂದು ಗೌರವಿಸುತ್ತೇವೆ. ಆದರೆ ಈ ಮುಖಗಳು ಒಂದೇ ಧರ್ಮವನ್ನು ಪಾಲಿಸುವುದಿಲ್ಲ. ವಕೀಲನಿಗೆ ಒಂದು ಪಕ್ಷ ಸಾಕು. ನಟ ಒಂದು ಕಡೆ ನಿಂತರೆ ಸಾಕು. ಬರೆಯುವವನಿಗೆ ಆ ಸ್ವಾತಂತ್ರ್ಯವಿಲ್ಲ. ತಾನು ಅಭಿನಯಿಸುವ ವಕೀಲನ ವಾದವನ್ನೂ ಅವನೇ ಬರೆಯಬೇಕು, ತನ್ನನ್ನು ಎದುರಿಸುವ ವಕೀಲನ ವಾದವನ್ನೂ ಅವನೇ ಬರೆಯಬೇಕು. ಎದುರಿನ ವಾದ ದುರ್ಬಲವಾದರೆ ದೃಶ್ಯವೇ ನಿರ್ಜೀವ. ಪ್ರತಿಪಕ್ಷಕ್ಕೆ ನ್ಯಾಯ ಸಲ್ಲಿಸದೆ ತನ್ನ ವಕೀಲನ ಗೆಲುವಿಗೂ ಬೆಲೆಯಿಲ್ಲ.

ನಮ್ಮ ಅಂತರಂಗದಲ್ಲಿಯೂ ಇಂಥದೊಂದು ಕಲಾಪ ನಿತ್ಯ ನಡೆಯುತ್ತದೆ. ಹಲ್ಲುಜ್ಜುವಾಗ, ಹಾಲು ಕಾಯುವಾಗ, ಬಸ್ಸಿಗೆ ನಿಂತಾಗ ಯಾರೊಡನೆಯೋ ವಾದಿಸುತ್ತಿರುತ್ತೇವೆ. ನಿನ್ನೆ ಮಾತನಾಡಿ ನೋಯಿಸಿದ ತಮ್ಮನಿರಬಹುದು, ಪಕ್ಕದ ಮನೆಯವರಿರಬಹುದು. ಅಲ್ಲಿ ಲೇಖಕರೂ ನಾವೇ, ನಟರೂ ನಾವೇ. ನಮ್ಮ ಮಾತಿಗೆ ಯುಕ್ತಿ, ಕರುಣೆ, ಸತ್ಯ ಎಲ್ಲವನ್ನೂ ತುಂಬುತ್ತೇವೆ. ಅವರ ಬಾಯಿಗೆ ಎರಡು ತೊದಲು ಮಾತುಗಳನ್ನಷ್ಟೇ ಇಡುತ್ತೇವೆ. ಆದ್ದರಿಂದ ಪ್ರತಿ ಸಲವೂ ನಾವೇ ಗೆಲ್ಲುತ್ತೇವೆ. ಆದರೂ ಸಮಾಧಾನ ಸಿಗುವುದಿಲ್ಲ. ಮರುದಿನ ಅದೇ ಕಲಾಪ, ಅದೇ ತೀರ್ಪು, ಅದೇ ಅಶಾಂತಿ.

ಗೋವೆಯ ಉಸಗಾಂವದಲ್ಲಿ ನೆಲೆಸಿದ ಕನ್ನಡಿಗರಿಗೆ ಎರಡೂ ಪಕ್ಷದ ಮಾತು ಕೇಳುವ ಅನುಭವ ಇನ್ನೂ ಹತ್ತಿರದ್ದು. ಉಸಗಾಂವ–ಗಾಂಜೆಯ ಬದಿಯಲ್ಲಿ ಹರಿಯುವ ಮಾಂಡವಿ, ಖಾನಾಪುರದ ಕಾಡಿನಲ್ಲಿ ಹುಟ್ಟಿದ ನಮ್ಮ ಮಹದಾಯಿಯೇ. ಹುಬ್ಬಳ್ಳಿ–ಧಾರವಾಡದಲ್ಲಿ ನಲ್ಲಿಗೆ ನೀರು ಬರುವ ದಿನಕ್ಕಾಗಿ ಕಾಯುವ ಗೃಹಿಣಿಯ ದಾಹ ಸತ್ಯ. ಮೇಲ್ಭಾಗದಲ್ಲಿ ಆ ನದಿಯ ನೀರನ್ನು ಕರ್ನಾಟಕ ತಿರುಗಿಸಿಕೊಂಡರೆ ತನ್ನ ಕಾಡು, ತೋಟ ಒಣಗೀತೆಂಬ ಗೋವೆಯ ಕೃಷಿಕನ ಆತಂಕವೂ ಸತ್ಯ. ಈ ನೀರಿನ ವಿವಾದದಲ್ಲಿ ನ್ಯಾಯಮಂಡಳಿ 2018ರಲ್ಲಿ ತೀರ್ಪು ಕೊಟ್ಟಿತು. ವಾದ ಮಾತ್ರ ಮುಗಿಯಲಿಲ್ಲ. ಊರು ಕರ್ನಾಟಕದಲ್ಲಿ, ಅನ್ನ ಗೋವೆಯಲ್ಲಿ ಎಂಬಂತೆ ಬದುಕುವವರು ಆ ಎರಡೂ ಮಾತುಗಳನ್ನು ದಿನವೂ ಕೇಳುತ್ತಾರೆ. ಒಂದನ್ನು ಪೂರ್ಣವಾಗಿ ಕೇಳಿದ ಮಾತ್ರಕ್ಕೆ ಇನ್ನೊಂದು ಸುಳ್ಳಾಗುವುದಿಲ್ಲ ಎಂಬುದು ಅವರಿಗೆ ಗೊತ್ತು.

ಪ್ರತಿಪಕ್ಷವನ್ನು ಅರಿಯುವುದೆಂದರೆ ಸ್ವಪಕ್ಷವನ್ನು ತ್ಯಜಿಸುವುದಲ್ಲ. ಸೀತಾರಾಂ ಅವರ ಸಿ.ಎಸ್.ಪಿ. ತನ್ನ ಕಕ್ಷಿಗಾರನ ಕೈ ಬಿಡಲಿಲ್ಲ. ನಾವೂ ನಮ್ಮ ನೋವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಇನ್ನೊಬ್ಬರ ನೋವಿಗೂ ನಮ್ಮ ನೋವಿಗಿರುವಷ್ಟೇ ಸಮರ್ಥ ಭಾಷೆ ದೊರೆತಾಗ ದ್ವೇಷಕ್ಕೆ ನೆಲೆ ತಪ್ಪುತ್ತದೆ. ಭಿನ್ನಾಭಿಪ್ರಾಯ ಉಳಿಯುತ್ತದೆ, ಕಹಿ ಇಳಿಯುತ್ತದೆ. ಮನಸ್ಸು ಯಾರೊಡನೆ ವಾದಿಸುತ್ತಿದೆಯೋ, ಇಂದು ಮೊದಲು ಅವರ ಪರವಾಗಿ ನಾಲ್ಕು ಮಾತು ಯೋಚಿಸೋಣ. ಅವರೇ ಕೇಳಿದರೂ ‘ಹೌದು, ನಾನು ಹೇಳಬೇಕೆಂದಿದ್ದುದು ಇದನ್ನೇ’ ಎನ್ನುವಷ್ಟು ಪ್ರಾಮಾಣಿಕವಾಗಿ ಯೋಚಿಸೋಣ. ನಮ್ಮ ಮಾತು ಆಮೇಲೆ ಬರಲಿ.