ಮೀನಿನ ನೋಟ

ಮೀನು ನೋಟದಿಂದಲೂ, ಆಮೆ ನೆನಹಿನಿಂದಲೂ, ಹಕ್ಕಿ ಸ್ಪರ್ಶದಿಂದಲೂ ತಮ್ಮ ತಮ್ಮ ಮರಿಗಳನ್ನು ಪೋಷಿಸುವುವೆಂಬುದು ನಮ್ಮ ಹಿರಿಯರು ಬಹುಕಾಲದಿಂದ ಹೇಳಿಕೊಂಡು ಬಂದಿರುವ ಮಾತು. ಗುರುವು ಶಿಷ್ಯನನ್ನು ಉದ್ಧರಿಸುವ ಮೂರು ಬಗೆಗಳಿಗೆ ಇದನ್ನು ಉಪಮಾನವಾಗಿ ಬಳಸುವುದುಂಟು. ಮಧುರೆಯ ದೇವಿಗೆ ಮೀನಾಕ್ಷಿಯೆಂಬ ಹೆಸರು ಬಂದುದಕ್ಕೂ ಇದನ್ನೇ ಕಾರಣವಾಗಿ ಹೇಳುವವರಿದ್ದಾರೆ. ನಾನು ಬಾಲ್ಯದಿಂದಲೂ ಈ ಮಾತನ್ನು ಕೇಳಿದ್ದೆನಾದರೂ, ಮೀನು ನೋಡುವುದೆಂದರೇನು, ಆ ನೋಟದಲ್ಲಿ ಮರಿಗೆ ದೊರೆಯುವುದೇನು ಎಂಬ ಪ್ರಶ್ನೆ ಮನಸ್ಸನ್ನು ಹೊಕ್ಕದ್ದು ಮನೆಯಲ್ಲಿ ಒಂದು ಗಾಜಿನ ತೊಟ್ಟಿಯನ್ನಿರಿಸಿ ಕಡಲಮೀನುಗಳನ್ನು ಸಾಕಲು ತೊಡಗಿದ ಮೇಲೆಯೇ.

ಪಾಂಡವಪುರದ ಸೀಮೆಯಲ್ಲಿ ಬೆಳೆದವನಿಗೆ ಇನ್ನೆರಡು ಪ್ರಾಣಿಗಳ ದೃಷ್ಟಾಂತವೂ ಕಿವಿಗೆ ಬೀಳದೆ ಇರದು. ಮೇಲುಕೋಟೆ ನಮ್ಮ ತಾಲ್ಲೂಕಿನದೇ. ಅಲ್ಲಿಗೆ ಹೋಗುವ ಮುನ್ನ ರಾಮಾನುಜಾಚಾರ್ಯರು ನೆಲಸಿದ್ದರೆಂದು ಹೇಳುವ ತೊಣ್ಣೂರೂ, ಅದರ ತಿಳಿನೀರಿನ ಕೆರೆಯೂ ಊರಿಗೆ ಸಮೀಪದವು. ಆಚಾರ್ಯರ ಪರಂಪರೆ ಮುಂದೆ ವಡಗಲೆ ತೆಂಗಲೆಗಳೆಂದು ಕವಲೊಡೆದಾಗ, ಜೀವನು ಭಗವಂತನನ್ನು ಸೇರುವ ಬಗೆ ಯಾವುದೆಂಬ ವಿಚಾರದಲ್ಲಿ ಮೊದಲಿನವರು ಮರ್ಕಟಕಿಶೋರನ್ಯಾಯವನ್ನೂ ಎರಡನೆಯವರು ಮಾರ್ಜಾಲಕಿಶೋರನ್ಯಾಯವನ್ನೂ ಮುಂದಿಟ್ಟರು. ಕೋತಿಯ ಮರಿ ತಾಯಿಯ ಹೊಟ್ಟೆಯನ್ನು ತಾನೇ ತಬ್ಬಿ ಹಿಡಿಯಬೇಕು. ಬೆಕ್ಕಿನ ಮರಿಯಾದರೋ ಏನೂ ಮಾಡಬೇಕಾದುದಿಲ್ಲ, ತಾಯಿಯೇ ಕಚ್ಚಿಕೊಂಡು ಒಯ್ಯುತ್ತದೆ. ಜೀವನ ಪ್ರಯತ್ನಕ್ಕೆ ಎಷ್ಟು ಪಾಲು, ಕೃಪೆಗೆ ಎಷ್ಟು ಪಾಲು ಎಂಬ ಈ ಪ್ರಶ್ನೆಗೆ ಸಮನಾದ ಪ್ರಶ್ನೆ ಧರ್ಮಜಿಜ್ಞಾಸೆಯಲ್ಲಿ ಮತ್ತೊಂದಿಲ್ಲವೆಂದು ನಾನು ನಂಬಿದ್ದೇನೆ.

ನನ್ನ ತೊಟ್ಟಿ 100 ಲೀಟರಿನದು. ನಮ್ಮ ಕೊಳವೆಬಾವಿಯ ಗಡಸುನೀರು ಕಡಲಜೀವಿಗಳಿಗೆ ಒಗ್ಗದಾದ ಕಾರಣ, ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನುಗಳಲ್ಲಿ ನೀರು ತಂದು, ಲೀಟರಿಗೆ 35 ಗ್ರಾಮಿನಂತೆ ಸಮುದ್ರದ ಲವಣಗಳ ಮಿಶ್ರಣವನ್ನು ಕರಗಿಸಿ, ಮಂಗಳೂರಿನ ದಡದಿಂದ 200 ಕಿಲೋಮೀಟರಿಗೂ ಮಿಕ್ಕ ದಾರಿಯಿರುವ ಈ ಕಬ್ಬಿನ ನಾಡಿನಲ್ಲಿ ಒಂದು ಹಿಡಿ ಕಡಲನ್ನು ನಿಲ್ಲಿಸಿದೆನು. ಅದರಲ್ಲಿ ಹವಳವಿಲ್ಲ, ನಮ್ಮ ಕಡಲಿನ ಹವಳಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ, ಆ ರಕ್ಷಣೆ ಯುಕ್ತವಾದುದೆಂದು ನಾನು ಮನಸಾರೆ ಒಪ್ಪುತ್ತೇನೆ. ಬರಿಯ ಒಣಗಲ್ಲುಗಳ ನಡುವೆ ಎರಡು ನಿಯಾನ್ ಗೋಬಿ ಮೀನುಗಳಿವೆ. ಕಿರುಬೆರಳಿನಷ್ಟೂ ಉದ್ದವಿಲ್ಲದ ಕಪ್ಪು ಮೈ, ಮೂತಿಯಿಂದ ಬಾಲದವರೆಗೆ ಹರಿದ ಉಜ್ಜ್ವಲವಾದ ನೀಲಿಯ ಗೆರೆ. ಇವುಗಳ ಮೂಲಸ್ಥಾನ ಫ್ಲಾರಿಡ ಮತ್ತು ಕೆರಿಬಿಯನ್ ಕಡಲುಗಳ ಹವಳದ ದಿಬ್ಬಗಳು; ಅಲ್ಲಿ ದೊಡ್ಡ ಮೀನುಗಳ ಮೈಮೇಲಿನ ಪರೋಪಜೀವಿಗಳನ್ನು ಹೆಕ್ಕಿ ತಿಂದು ಬದುಕುತ್ತವೆ. ನನ್ನ ಜೋಡಿ ಕಡಲನ್ನು ಕಂಡುದಲ್ಲ, ತೊಟ್ಟಿಯಲ್ಲಿಯೇ ಹುಟ್ಟಿದುದು.

ಒಂದು ದಿನ ಹೆಣ್ಣು ಪಿವಿಸಿ ಕೊಳವೆಯ ತುಂಡೊಂದರ ಒಳಮೈಯಲ್ಲಿ ಮೊಟ್ಟೆಯಿಟ್ಟಿತು. ಅಂದಿನಿಂದ ಕಾವಲು ಗಂಡಿನದು. ಭೂತಗನ್ನಡಿ ಹಿಡಿದು ನೋಡಿದರೆ, ನೀಳವಾದ ಒಂದೊಂದು ಮೊಟ್ಟೆಯೂ ಒಂದು ತುದಿಯಲ್ಲಿರುವ ಅಂಟಿನ ಎಳೆಗಳಿಂದ ಕೊಳವೆಯ ಗೋಡೆಯನ್ನು ಹಿಡಿದುಕೊಂಡಿರುವುದು ಕಾಣುತ್ತದೆ. ತಂದೆಯಾದರೋ ಹಗಲಿರುಳೂ ಈಜುರೆಕ್ಕೆಗಳನ್ನು ಬೀಸುತ್ತ ಅವುಗಳಿಗೆ ಹೊಸನೀರನ್ನು ಊಡುತ್ತದೆ, ಬಾಯಿಂದ ಸವರಿ ಶುಚಿಮಾಡುತ್ತದೆ, ಕೆಟ್ಟುಹೋದುದನ್ನು ಕಿತ್ತುಹಾಕುತ್ತದೆ. ಮೊಟ್ಟೆ ತಾನೇ ಹಿಡಿದುಕೊಂಡಿದೆ, ಆದರೆ ಹಿಡಿದುಕೊಂಡಿರುವುದರಿಂದಲೇ ಬದುಕುತ್ತಿಲ್ಲ. ತಂದೆ ಉಸಿರನ್ನು ತಂದುಕೊಡುತ್ತಿದೆ, ಆದರೆ ಹಿಡಿತ ಬಿಟ್ಟ ಮೊಟ್ಟೆಯನ್ನು ಮತ್ತೆ ಅಂಟಿಸಲು ಅದಕ್ಕೆ ಬಾರದು. ಕೋತಿಯೂ ಬೆಕ್ಕೂ ಒಂದೇ ಕೊಳವೆಯೊಳಗೆ ಕೂಡಿಬಂದಿರುವುದನ್ನು ಕಂಡು ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಆ ವಾರದಲ್ಲಿ ಒಂದು ರಾತ್ರಿ ಕರೆಂಟು ಹೋಗಿ ತೊಟ್ಟಿಯ ಪಂಪು ನಿಂತಿತು; ಬ್ಯಾಟರಿಯ ಪಂಪನ್ನು ಹುಡುಕಿ ತಂದು ಟಾರ್ಚು ಹಿಡಿದು ನೋಡಿದೆನು. ಸ್ತಬ್ಧವಾದ ಆ ನೀರಿನಲ್ಲಿ ಚಲಿಸುತ್ತಿದ್ದುದು ಆ ಪುಟ್ಟ ರೆಕ್ಕೆಗಳು ಮಾತ್ರ.

ದಿನ ಕಳೆದಂತೆ ಮೊಟ್ಟೆಯೊಳಗೆ ಎದ್ದುಕಾಣುವುದು ಮರಿಯ ಕಣ್ಣುಗಳು. ಮೊದಲು ಕರಿಯ ಚುಕ್ಕೆಗಳಾಗಿ, ಮೊಟ್ಟೆಯೊಡೆಯುವ ಹೊತ್ತಿಗೆ ಬೆಳ್ಳಿಯಂತೆ ಹೊಳೆಯುತ್ತ, ನೂರಾರು ಜೊತೆ ಕಣ್ಣುಗಳು ಕೊಳವೆಯೊಳಗಿಂದ ನೋಡುತ್ತವೆ. ಸುಮಾರು ಒಂದು ವಾರಕ್ಕೆ ಮರಿಗಳು ಹೊರಬಂದೊಡನೆ ತಂದೆಯ ಕಾರ್ಯ ಮುಗಿಯಿತು. ಅಷ್ಟು ದಿನ ಉಪವಾಸವೋ ಎಂಬಂತೆ ಕಾದ ಆ ಜೀವ, ತೇಲಿಹೋಗುವ ಮರಿಗಳ ಕಡೆಗೆ ತಿರುಗಿಯೂ ನೋಡುವುದಿಲ್ಲ. ಬಾಯಿಗೆ ಸಿಕ್ಕಿದರೆ ಆಹಾರವೆಂದೇ ತಿಳಿಯುತ್ತದೆ. ಹಾಗಾದರೆ ನೋಟದಿಂದ ಸಾಕುವುದೆಂಬ ಹಿರಿಯರ ಮಾತು ಏನಾಯಿತು?

ಟಾರ್ಚಿನ ಬೆಳಕಿಗೆ ಮರಿಗಳು ಗುಂಪಾಗಿ ಬರುತ್ತವೆ. ಅವನ್ನು ನೀರಿನೊಡನೆಯೇ ಲೋಟದಲ್ಲಿ ತೆಗೆದು ಬೇರೆ ಪಾತ್ರೆಗೆ ಇಳಿಸಿದೆನು. ಮೂರು ನಾಲ್ಕು ಮಿಲಿಮೀಟರಿನ ಆ ಪಾರದರ್ಶಕ ದೇಹಗಳಿಗೆ ಆಹಾರ ರೋಟಿಫರ್ ಎಂಬ ಸೂಕ್ಷ್ಮಜೀವಿ. ಕಣ್ಣಿಗೆ ಧೂಳಿನಂತೆ ತೋರುವ ಅವನ್ನು ಮೊದಲೇ ಬೆಳೆಸಿಟ್ಟಿದ್ದೆ, ಧಾರಾಳವಾಗಿ ಸುರಿದೆ. ಒಂದು ಸಂಸಾರವನ್ನು ಉಳಿಸಲು ಲೆಕ್ಕವಿಲ್ಲದ ಜೀವಗಳನ್ನು ಬೆಳೆಸಿ ಬಲಿಗೊಡುವ ಈ ಕೆಲಸದಲ್ಲಿ ನನ್ನ ಮನಸ್ಸಿಗೆ ಇಂದಿಗೂ ಸಮಾಧಾನವಿಲ್ಲ; ಇದನ್ನು ಮರೆಮಾಚಲಾರೆ. ಆದರೆ ಆ ಸಲ ಅದಕ್ಕಿಂತ ದೊಡ್ಡ ತಪ್ಪೊಂದು ನನ್ನಿಂದಾಯಿತು. ಹಸುಗೂಸುಗಳ ಕಣ್ಣು, ಬೆಳಕು ಚುಚ್ಚೀತೆಂದು ಮರುಕಗೊಂಡು, ಬಾಣಂತಿಯ ಕೋಣೆಯಂತೆ ಆ ಕೋಣೆಯನ್ನು ಕತ್ತಲು ಮಾಡಿದೆನು. ನಾಲ್ಕನೆಯ ಬೆಳಿಗ್ಗೆ ಪಾತ್ರೆಯಲ್ಲಿ ಒಂದು ಮರಿಯೂ ಉಳಿದಿರಲಿಲ್ಲ. ಅವು ಹಸಿವಿನಿಂದ ಸತ್ತಿದ್ದವು, ಅನ್ನದ ನಡುವೆಯೇ. ಗೋಬಿಯ ಮರಿ ಕಣ್ಣಿನಿಂದ ಕಂಡು ಬೇಟೆಯಾಡತಕ್ಕ ಜೀವಿ. ಕಾಣದಿದ್ದರೆ ಮೂತಿಗೆ ತಾಗುವಷ್ಟು ಹತ್ತಿರದ ತುತ್ತೂ ಅದಕ್ಕೆ ಇಲ್ಲದಂತೆಯೇ ಸರಿ.

ಮುಂದಿನ ಸಲ ಪಾತ್ರೆಯ ಪಕ್ಕಗಳಿಗೆ ಕಪ್ಪು ಕಾಗದ ಸುತ್ತಿ, ಮೇಲೆ ಸೌಮ್ಯವಾದ ದೀಪವಿಟ್ಟು, ರೋಟಿಫರುಗಳು ಎದ್ದುಕಾಣುವಂತೆ ಸೂಕ್ಷ್ಮಪಾಚಿಯಿಂದ ನೀರನ್ನು ತುಸು ಹಸಿರು ಮಾಡಿದೆನು. ಮರಿಯೊಂದು ಬಾಲವನ್ನು ಕೊಂಕಿಸಿ, ಒಂದು ಕ್ಷಣ ನಿಂತು, ನೋಡಿ, ಮುಂದಕ್ಕೆ ಚಿಮ್ಮಿದುದನ್ನು ಕಂಡಾಗ ಆ ಹಳೆಯ ಮಾತು ನನಗೆ ಬೇರೊಂದು ಮುಖದಿಂದ ತೋರಿತು. ಪೋಷಿಸುವ ನೋಟ ತಾಯಿತಂದೆಗಳದ್ದೆಂದು ನಾವು ತಿಳಿದಿದ್ದೆವು. ಇಲ್ಲಿ ಅದು ಮರಿಯದ್ದೇ. ಅದರ ಪರವಾಗಿ ಬೇರೆ ಯಾರೂ ನೋಡಲಾರರು. ಆದರೂ ದೀಪ ಅದರದ್ದಲ್ಲ. ಕಣ್ಣು ತೆರೆದಿದ್ದೂ ಬೆಳಕಿಲ್ಲದಿದ್ದರೆ ಪ್ರಯತ್ನವೆಂಬುದು ಹುಟ್ಟುವುದೇ ಇಲ್ಲ. ಬೆಳಕಿದ್ದೂ ಕಣ್ಣು ತಿರುಗದಿದ್ದರೆ ಕೃಪೆ ಬರಿಯ ಕಪ್ಪು ಕಾಗದದ ಮೇಲೆ ಬಿದ್ದು ಹೋಗುತ್ತದೆ. ಇಷ್ಟು ಪಾಲು ಇವನದು, ಇಷ್ಟು ಪಾಲು ಅವನದೆಂದು ಹಂಚಿಕೊಡುವ ಲೆಕ್ಕ ಆ ಪಾತ್ರೆಯ ಮುಂದೆ ನನಗೆ ಹತ್ತಲಿಲ್ಲ. ಮೇಲುಕೋಟೆಯ ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ಕುಳಿತು ಬಲ್ಲವರೊಬ್ಬರಲ್ಲಿ ಇದನ್ನು ನಿವೇದಿಸಿಕೊಳ್ಳಬೇಕೆಂಬ ಆಸೆಯಿದೆ. ಶಾಸ್ತ್ರ ಬಲ್ಲವರು ನನ್ನ ದೃಷ್ಟಾಂತದಲ್ಲಿ ದೋಷ ಕಂಡರೆ ತಿದ್ದಿಕೊಳ್ಳುತ್ತೇನೆ.

ಒಂದು ತಿಂಗಳು ಮೀರಿದ ಮೇಲೆ, ತೇಲುತ್ತಿದ್ದ ನೂರಾರರಲ್ಲಿ ಒಂಬತ್ತು ಮರಿಗಳು ನೀಲಿಗೆರೆ ತಳೆದು ತಳಕ್ಕಿಳಿದು ಕುಳಿತವು. ಶತಪಥಬ್ರಾಹ್ಮಣದಲ್ಲಿ ಮನುವಿನ ಕೈನೀರಿಗೆ ಬಂದ ಕಿರುಮೀನು, ದೊಡ್ಡ ಮೀನುಗಳು ಚಿಕ್ಕವನ್ನು ನುಂಗುತ್ತವೆ, ನನ್ನನ್ನು ಕಾಪಾಡು ಎಂದು ಬೇಡಿತಷ್ಟೆ. ಅವನು ಅದನ್ನು ಮೊದಲು ಕೊಡದಲ್ಲಿ, ಬೆಳೆದಂತೆ ಹಳ್ಳದಲ್ಲಿ, ಕಡೆಗೆ ಕಡಲಿನಲ್ಲಿ ಬಿಟ್ಟನು. ನನಗೆ ಆ ಮೂರನೆಯ ಹೆಜ್ಜೆಯಿಲ್ಲ. ಪರದೇಶದ ಕಡಲಿನ ಈ ಕುಲವನ್ನು ನಮ್ಮ ದಡದಲ್ಲಿ ಬಿಡುವುದು ಅಲ್ಲಿಯ ಜೀವಿಗಳಿಗೆ ಮಾಡುವ ದ್ರೋಹ. ಒಂಬತ್ತೂ ನನ್ನ ಕೊಡದಲ್ಲಿಯೇ ಇವೆ. ಕೊಳವೆಯೊಳಗೆ ಗಂಡು ಮತ್ತೆ ರೆಕ್ಕೆ ಬೀಸುತ್ತಿದೆ. ಈ ಸಂಜೆ ನೋಡಿದಾಗ ಮೊಟ್ಟೆಗಳಲ್ಲಿ ಕಣ್ಣು ಮೂಡಿದ್ದವು. ದೀಪದ ವಯರನ್ನು ಸರಿಪಡಿಸಿ ಇಟ್ಟಿದ್ದೇನೆ.